ಅಳಿಯನ ಬೈಕಿಗೆ ಅತ್ತೆಯ ಸೀಟು

ನಾಬುಕೇರಾ ತನ್ನ ಅಳಿಯನನ್ನು ಮೊದಲು ಕಂಡ ದಿನ ನಿಜವಾಗಿ ಕಂಡದ್ದು ಅವನ ಬೈಕನ್ನು. ಹೆಣ್ಣು ಕೇಳುವ ಶಾಸ್ತ್ರಕ್ಕೆ ಅವನ ಕಡೆಯವರು ಹದಿನೆಂಟು ಜನ ಗುಡ್ಡ ಹತ್ತಿ ಬಂದಿದ್ದರು. ಹುಡುಗಿಯ ತಾಯಿ ಅಳಿಯನ ಎದುರಿಗೆ ಬರುವಂತಿಲ್ಲ. ಹಾಗಾಗಿ ಅವಳು ಒಳಮನೆಯಲ್ಲಿ ಕಿಟಕಿಯ ಪರದೆ ಹಿಂದೆ ಕೂತಿದ್ದಳು. ಪರದೆ ಮೂರು ಬೆರಳು ಮೋಟು. ಆ ಸಂದಿಯಲ್ಲಿ ಕಂಡದ್ದು ಎರಡು ಚಕ್ರ, ಒಂದು ಕೆಂಪು ಮಡ್‌ಗಾರ್ಡು, ಅದರ ತುದಿಗೆ ನೆಲ ಗುಡಿಸುವಷ್ಟು ಉದ್ದದ ರಬ್ಬರ್ ಪಟ್ಟಿ, ಪಟ್ಟಿಯ ಮೇಲೆ ಬಿಳಿ ಬಣ್ಣದ ಅಕ್ಷರ. ಅವಳಿಗೆ ಓದು ಅಷ್ಟಕ್ಕಷ್ಟೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು "ಮೆಲ್ಲಗೆ ಬಂದವನೂ ಬಂದ" ಅಂತ ಓದಿ ಮುಗಿಸುವ ಹೊತ್ತಿಗೆ ಹೊರಗೆ ಮಾತುಕತೆ ಮುಗಿದು, ಕೊಡುಕೊಳ್ಳುವುದು ಮುಗಿದು, ಬಾಳೆಕಾಯಿ ಮುದ್ದೆ ಬಡಿಸುತ್ತಿದ್ದರು. ಹೀಗೆ ಒಬ್ಬಳೇ ಮಗಳ ನಿಶ್ಚಯದಲ್ಲಿ ಅವಳು ಕೇಳಿಸಿಕೊಂಡದ್ದು ಏನೂ ಇಲ್ಲ, ಓದಿದ್ದು ಮೂರು ಪದ.

ಪಕ್ಕದಲ್ಲಿ ಕೂತಿದ್ದ ನಾದಿನಿ ನಾಕಾಯೆಂಗಾಳಿಗೆ ಅವತ್ತು ಅವಳು ಒಂದು ದೊಡ್ಡ ಮಾತು ಹೇಳಿಬಿಟ್ಟಳು.

"ನೋಡ್ತಿರು. ಊರಲ್ಲಿ ಎಷ್ಟೋ ಜನ ಅತ್ತೆಯರು ನೇಮ ತಪ್ಪಿದ್ದಾರೆ. ನಾನು ಈ ಅಳಿಯನ ನೆರಳೂ ನನ್ನ ಮೇಲೆ ಬೀಳದ ಹಾಗೆ ಬದುಕ್ತೀನಿ."

ದೊಡ್ಡ ಮಾತು ಆಡುವವರಿಗೆ ದೇವರು ಕಿವಿಗೊಟ್ಟು ಕೇಳುತ್ತಾನೆ ಅನ್ನುವುದು ಆಗ ಅವಳಿಗೆ ಗೊತ್ತಿರಲಿಲ್ಲ.

ನೇಮ ಇಷ್ಟು. ಅತ್ತೆ ಅಳಿಯ ಮುಟ್ಟಬಾರದು, ಎದುರುಬದುರು ಕೂರಬಾರದು, ಒಂದೇ ತಟ್ಟೆಗೆ ಕೈ ಹಾಕಬಾರದು. ಮಾತಾಡಬೇಕಾದರೆ ಮಧ್ಯೆ ಗೋಡೆಯೋ ಬಾಗಿಲೋ ಇರಬೇಕು. ಏನೂ ಸಿಗದಿದ್ದರೆ ಒಂದು ಕಾಫಿ ಗಿಡವಾದರೂ ಇರಬೇಕು. ತಪ್ಪಿದರೆ ಕೈ ನಡುಗುವ ಬೇನೆ ಬರುತ್ತೆ, ಸಾಯುವ ತನಕ ಬಿಡುವುದಿಲ್ಲ. ಅತ್ತೆ ಅಳಿಯನ ನಂಟಿಗೂ ಈ ಬೇನೆಗೂ ಒಬುಕೋ ಅಂತ ಒಂದೇ ಹೆಸರು. ಗುಡ್ಡದ ಕೆಳಗೆ ಒಬ್ಬ ಮುದುಕ ಇದ್ದ. ಚಮಚ ಬಾಯಿಗೆ ತಲುಪುವ ಮುಂಚೆ ಸಾರೆಲ್ಲ ಅಂಗಿಗೆ. ವಯಸ್ಸಾದರೆ ಹಾಗಾಗುತ್ತೆ ಅಂತ ಯಾರೂ ಹೇಳಲಿಲ್ಲ. ಯಾವ ಅತ್ತೆ, ಎಲ್ಲಿ ಮುಟ್ಟಿದಳು ಅಂತಲೇ ಎಲ್ಲರೂ ಲೆಕ್ಕ ಹಾಕಿದರು.

ಅಳಿಯನ ಹೆಸರು ಜಾವೀರಾ. ಕವಲುದಾರಿಯಲ್ಲಿ ಬೈಕು ನಿಲ್ಲಿಸಿಕೊಂಡು ಜನರನ್ನು ಒಯ್ದು ಬಿಡುವುದು ಅವನ ಕಸುಬು. ಕುಡಿತವಿಲ್ಲ, ಜಗಳವಿಲ್ಲ. ಇದ್ದ ಚಟ ಒಂದೇ, ಬೈಕಿಗೆ ಏನಾದರೂ ಸಿಕ್ಕಿಸುವುದು. ಕೈಗೆ ಬಂದದ್ದು ಹೊಟ್ಟೆಗಿಂತ ಮೊದಲು ಬೈಕಿಗೆ ಹೋಗುತ್ತಿತ್ತು. ಕಾಲು ಕಾಯುವ ಕಬ್ಬಿಣದ ಬಳೆ, ಎರಡನೇ ಹಾರ್ನು, ಟ್ಯಾಂಕಿಗೆ ಹುಲಿಚುಕ್ಕೆಯ ಕವರು. ಬೈಕು ಇಂಡಿಯಾದಿಂದ ಬಂದದ್ದು. ಬರುವಾಗಲೇ ಹಿಂದಿನ ಚಕ್ರದ ಪಕ್ಕ ಒಂದು ಕಬ್ಬಿಣದ ಜಾಲರಿ ಇತ್ತು. ಅದು ಯಾತಕ್ಕೆ ಅಂತ ಕವಲುದಾರಿಯಲ್ಲಿ ಯಾರಿಗೂ ತಿಳಿಯದೆ ಅವನು ಅದಕ್ಕೆ ಮೀನು ನೇತುಹಾಕುತ್ತಿದ್ದ. ನಾಬುಕೇರಾ ಒಂದು ದಿನ ಬಾಗಿಲ ಸಂದಿಯಿಂದ ಅದನ್ನು ನೋಡಿ, ಆ ದೇಶದ ಹೆಂಗಸರೂ ನಾವು ಹಬ್ಬಕ್ಕೆ ಉಡುವ ಗೋಮೆಸಿಯ ಹಾಗೆ ನೆಲ ಮುಟ್ಟುವುದನ್ನೇ ಉಡುತ್ತಾರೆ, ಚಕ್ರಕ್ಕೆ ಸಿಗದಿರಲಿ ಅಂತ ಯಾರೋ ಪುಣ್ಯಾತ್ಮ ಹಾಕಿದ್ದಾನೆ ಅಂದಳು. ಮಗಳು ತೇವೋಪಿಸ್ತಾ ನಕ್ಕಳು. ಜಾವೀರಾ ಮೀನು ಬಿಚ್ಚಲಿಲ್ಲ.

ಗಂಡ ಸತ್ತ ಮೂರನೇ ವರ್ಷ ನಾಬುಕೇರಾಳ ಎಡಗಾಲಿಗೆ ಗುದ್ದಲಿ ತಾಗಿತು. ಬೆರಳು ಎರಡರ ಬುಡದಲ್ಲಿ, ಹುಣಸೆಬೀಜದಷ್ಟು ಗಾಯ. ಅದು ಒಣಗಲಿಲ್ಲ. ಮೊದಲು ಕಣ್ಣಿನಷ್ಟಾಯಿತು, ಆಮೇಲೆ ಬಾಯಿಯಷ್ಟು. ಹದಿನಾರು ಕಿಲೋಮೀಟರ್ ಆಚೆಯ ಆರೋಗ್ಯ ಕೇಂದ್ರದ ನರ್ಸಮ್ಮ ಬಿಚ್ಚಿ ನೋಡಿ, ಸಕ್ಕರೆ ಕಾಯಿಲೆಯ ಗಾಯ ಅಂದಳು. ಮಂಗಳವಾರ, ಶುಕ್ರವಾರ ತಪ್ಪದೆ ಬಂದು ತೊಳೆಸಿಕೊಳ್ಳಬೇಕು.

"ಒಂದು ಸಲ ತಪ್ಪಿಸಿದ್ರೆ ನಾನು ಬೈತೀನಿ," ಅಂದಳು. "ನಾಲ್ಕು ಸಲ ತಪ್ಪಿಸಿದ್ರೆ ಮಸಾಕಾದ ದೊಡ್ಡಾಸ್ಪತ್ರೆಯವರು ಕುಯ್ತಾರೆ."

ನಾಬುಕೇರಾ ಆ ಎಣಿಕೆಯನ್ನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡಳು.

ಗುಡ್ಡದ ಮೇಲೆ ವ್ಯಾನು ಬರುವುದಿಲ್ಲ. ಕವಲುದಾರಿಯ ಬೈಕಿಗೆ ವಾರಕ್ಕೆರಡು ಸಲ ಬಾಡಿಗೆ ಕೊಡುವ ಶಕ್ತಿ ಅವಳಿಗಿಲ್ಲ. ಗುಡ್ಡ ಹತ್ತಿ ಬರುವ ಪರಿಚಯದ ಬೈಕು ಇದ್ದದ್ದು ಎರಡು. ಒಂದು ಕಾಫಿ ಕೊಳ್ಳುವವನದು. ಅದು ಬೆಳಗಾದರೆ ಮೂಟೆ ಹೊತ್ತು ಆಚೆ ದಿಕ್ಕಿಗೆ ಹೋಗುತ್ತಿತ್ತು. ಇನ್ನೊಂದು ಅಳಿಯನದು. ಮೊದಲ ಎರಡು ತಿಂಗಳು ಮಗಳು ತೇವೋ ಮಧ್ಯೆ ಕೂತಳು. ಮುಂದೆ ಗಂಡ, ಹಿಂದೆ ತಾಯಿ, ನಡುವೆ ಅವಳು, ಗೋಡೆಯ ಹಾಗೆ. ಆದರೆ ಆ ಗೋಡೆ ಬಸುರಿಯಾಗಿತ್ತು. ತಿಂಗಳು ತಿಂಗಳು ದಪ್ಪವಾಗುತ್ತ ಬಂದು, ಅತ್ತ ಗಂಡ ಟ್ಯಾಂಕಿನ ಮೇಲೆ ಹತ್ತಿ ಕೂರುವಂತಾಯಿತು, ಇತ್ತ ತಾಯಿ ಅರ್ಧ ಗಾಳಿಯಲ್ಲಿ ಕೂರುವಂತಾಯಿತು. ನರ್ಸಮ್ಮ ತೇವೋಳ ಹೊಟ್ಟೆ ನೋಡಿ, ಇನ್ನು ನೀನು ಬೈಕು ಹತ್ತಿದರೆ ಮಗುವನ್ನು ಹಳ್ಳದಲ್ಲೇ ಹೆರುತ್ತೀಯ ಅಂದಳು.

ಜಾವೀರಾ ಅವತ್ತು ಕಾಫಿ ಗಿಡದ ಆಚೆಯಿಂದ ಕೂಗಿ ಹೇಳಿದ. "ಅಮ್ಮಾ, ನೀವು ಯೋಚನೆ ಮಾಡಬೇಡಿ. ಒಂದು ಗೂಡು ಮೊಟ್ಟೆ ಒಡೀದೆ ಒಯ್ದಿದೀನಿ. ಒಂದು ಹಂದಿ ಒಯ್ದಿದೀನಿ, ಅದು ದಾರಿಯುದ್ದಕ್ಕೂ ನಿದ್ದೆ ಮಾಡ್ತು. ಅತ್ತೇನ ಮುಟ್ಟದೆ ಒಯ್ಯೋದು ಏನು ಮಹಾ?"

ಮೊಟ್ಟೆ, ಹಂದಿ, ಆಮೇಲೆ ತಾನು. ನಾಬುಕೇರಾ ಬೆರಳು ಮಡಿಸಿ ಎಣಿಸಿದಳು.

ಮುಂದಿನ ಮಂಗಳವಾರಕ್ಕೆ ಉಪಾಯ ಹೂಡಿದರು. ನರ್ಸಮ್ಮನಿಗೆ ಕೊಡಬೇಕೆಂದು ಒಂದು ಬಾಳೆಗೊನೆ ಕಡಿದಿಟ್ಟಿತ್ತು. ಒಳ್ಳೆ ದಪ್ಪ ಗೊನೆ, ಹತ್ತು ಚಿಪ್ಪು. ಅದನ್ನು ಸೀಟಿನ ಮಧ್ಯೆ ನೆಟ್ಟಗೆ ನಿಲ್ಲಿಸಿ ಕಟ್ಟಿದರು. ಅಳಿಯ ಆಚೆ, ಅತ್ತೆ ಈಚೆ, ಅಡ್ಡ ಕೂತು ಗೊನೆಯನ್ನು ತಬ್ಬಿಕೊಂಡಳು. ಹದಿನಾರು ಕಿಲೋಮೀಟರ್ ಒಂದು ಕುಂದೂ ಇಲ್ಲದೆ ಸಾಗಿತು. ನಾಬುಕೇರಾಳಿಗೆ ಹೆಮ್ಮೆಯಾಯಿತು. ಗಾಯ ತೊಳೆಸಿಕೊಂಡಳು, ಗೊನೆಯನ್ನು ನರ್ಸಮ್ಮನಿಗೆ ಕೊಟ್ಟಳು, ಆಕೆ ಎರಡು ಕೈಯಲ್ಲಿ ಇಸಿದುಕೊಂಡಳು. ಹೊರಗೆ ಬಂದು ಬೈಕಿನ ಪಕ್ಕ ನಿಂತಾಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗೋಡೆಯನ್ನು ದಾನ ಕೊಟ್ಟಾಗಿತ್ತು.

ಕೊಟ್ಟದ್ದನ್ನು ವಾಪಸು ಕೇಳುವುದುಂಟೆ? ಜಾವೀರಾ ಟ್ಯಾಂಕಿನ ಮೇಲೆ ಜರುಗಿ ಕೂತ. ಅವಳು ಕ್ಯಾರಿಯರಿನ ಕಂಬಿ ಹಿಡಿದು ತುದಿಯಲ್ಲಿ ಕೂತಳು. ಜೊಂಡು ಬೆಳೆದ ಜವುಗಿನ ಹತ್ತಿರ ಒಂದು ಇಳಿಜಾರು ಇದೆ. ಅಲ್ಲಿ ಮಳೆ ನೀರು ರಸ್ತೆಯನ್ನು ಅಡ್ಡಕ್ಕೆ ಸೀಳಿದೆ. ಬೈಕು ಇಳಿಯಿತು, ಹಾರಿತು. ನಾಬುಕೇರಾಳ ಕೈ ಕಂಬಿಯಿಂದ ಕಿತ್ತು ಬಂತು. ಕೆಳಗೆ ಕಪ್ಪು ನೀರು ಕಂಡಿತು. ಆಮೇಲೆ ಅವಳಿಗೆ ತಿಳಿದದ್ದು, ತನ್ನ ಬಲಗೈಯ ಐದೂ ಬೆರಳು ಅಳಿಯನ ಎಡ ಹೆಗಲ ಮೇಲಿವೆ ಅನ್ನುವುದು. ಒಂದು, ಎರಡು, ಮೂರು, ನಾಲ್ಕು. ಬಿಟ್ಟಳು.

ಅವನು ತಿರುಗಲಿಲ್ಲ. ಎದೆಗೆ ಗಾಳಿ ತಾಗದ ಹಾಗೆ ಎಲ್ಲ ಬೈಕಿನವರಂತೆ ದಪ್ಪ ಕೋಟನ್ನು ಹಿಂದುಮುಂದಾಗಿ ತೊಟ್ಟಿದ್ದ. ಅಷ್ಟು ದಪ್ಪದ ಕೋಟಿನಲ್ಲಿ ಮುದುಕಿಯ ಬೆರಳು ತಿಳಿಯಿತೋ ಇಲ್ಲವೋ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಮನೆಗೆ ಬಂದು ಕಾಲು ನೀಡಿ ಕೂತವಳು ಪಣ ತೊಟ್ಟಳು. ಆದದ್ದು ಆಯಿತು. ಇನ್ನೊಂದು ಸಲ ಆಗದ ಹಾಗೆ ಆ ಬೈಕನ್ನೇ ತಿದ್ದಿಬಿಡುತ್ತೇನೆ! ಅರವತ್ತೆಂಟು ವರ್ಷದಲ್ಲಿ ಒಂದು ಸ್ಕ್ರೂ ತಿರುಗಿಸದ ಹೆಂಗಸು ಅಲ್ಲಿಂದ ಮುಂದೆ ಎಂಜಿನಿಯರಾದಳು.

ಮೊದಲು ಮಗಳ ಕೈಯಲ್ಲಿ ಹೇಳಿಕಳಿಸಿದಳು, ತನಗೆ ಬೇರೆ ಸೀಟು ಬೇಕು ಅಂತ. ಅಳತೆಗೆ ಬಾಳೆನಾರಿನ ಹುರಿ. ಒಂದು ಮೊಳ ನಾಲ್ಕು ಬೆರಳು, ಅಲ್ಲೊಂದು ಗಂಟು. ಅಗಲಕ್ಕೆ ಬೇರೆ ಹುರಿ, ಎರಡು ಗಂಟು. ಹೊಸದೇನಾದರೂ ಸಿಕ್ಕಿಸಲು ನೆಪಕ್ಕೇ ಕಾಯುತ್ತಿದ್ದ ಜಾವೀರಾ ಹುರಿಯನ್ನು ಕಣ್ಣಿಗೊತ್ತಿಕೊಂಡು ಓಡಿದ. ಕವಲುದಾರಿಯಲ್ಲಿ ವೆಲ್ಡಿಂಗ್ ಮಾಡುವ ಲುಬೇಗಾ ಅವನ ಚಿಕ್ಕಪ್ಪನೇ. ಲುಬೇಗಾ ಕ್ಯಾರಿಯರನ್ನು ಹಿಂದಕ್ಕೆ ಎರಡು ಗೇಣು ಬೆಳೆಸಿದ, ಅದರ ಮೇಲೆ ಶಾಲೆಯ ಹಳೇ ಬೆಂಚಿನ ಹಲಗೆ ಕೂರಿಸಿದ, ಹಲಗೆಗೆ ಸ್ಪಂಜು ಹೊಲಿಸಿದ. ನಾಲ್ಕು ಬೋಲ್ಟು.

ಕೂತು ನೋಡಿದಳು. ಸಾಲದು. ಬ್ರೇಕು ಹಾಕಿದರೆ ಮುಂದಕ್ಕೆ ಜಾರುತ್ತೇನೆ, ಮಧ್ಯೆ ಅಡ್ಡ ಬೇಕು ಅಂದಳು. ತಗಡಿನ ಹಲಗೆ ಬಂತು, ಎದೆ ಎತ್ತರ. ಮೂರು ಬೋಲ್ಟು. ಹಲಗೆಗೆ ಹಿಡಿ ಬೇಕು. ಎರಡು ಬೋಲ್ಟು. ನೋಯುವ ಕಾಲಿಗೆ ಮಣೆ ಬೇಕು. ಎರಡು ಬೋಲ್ಟು. ಒಟ್ಟು ಹನ್ನೊಂದು. ಛತ್ರಿಯ ಕೊಳವೆ ಜಾವೀರಾ ಪ್ರೀತಿಯಿಂದ ತಾನೇ ಸೇರಿಸಿದ್ದು, ಅದಕ್ಕೆ ತಂತಿ.

ಇಷ್ಟಾದ ಮೇಲೆ ನಾದಿನಿ ನಾಕಾಯೆಂಗಾ ಬಂದು ಸುತ್ತು ಹಾಕಿ ನೋಡಿ, ಕನ್ನಡಿಯ ಮುಂದೆ ನಿಂತಳು. ತೇವೋಳಿಗೆ ಸೋದರತ್ತೆ. ನೇಮದ ವಿಷಯದಲ್ಲಿ ಅವಳ ಮಾತೇ ಕೊನೆ.

"ಅತ್ತಿಗೆ, ಈ ಕನ್ನಡಿಲಿ ಅವನಿಗೆ ನಿನ್ನ ಮುಖ ಕಾಣುತ್ತೆ."

"ಕಂಡರೆ ಕನ್ನಡೀಲಿ ತಾನೆ?"

"ಕನ್ನಡೀಲಿ ಕಂಡ ಮುಖಕ್ಕೆ ಮೂಗಿಲ್ವೇನು?"

ಎರಡೂ ಕನ್ನಡಿಗಳನ್ನು ಆಕಾಶಕ್ಕೆ ತಿರುಗಿಸಿದರು. ಅದೂ ಸಾಲದೆಂದು ನಾಬುಕೇರಾ ಅವನಿಗೆ ಬೆನ್ನು ಮಾಡಿ ಹಿಂದುಮುಖವಾಗಿ ಕೂರುವುದೆಂದಾಯಿತು. ಅಂದಿನಿಂದ ಹಿಂದೆ ಲಾರಿ ಬಂದರೆ ಜಾವೀರಾನಿಗೆ ತಿಳಿಯುತ್ತಿರಲಿಲ್ಲ, ಮೋಡ ಬಂದರೆ ತಿಳಿಯುತ್ತಿತ್ತು.

ಆ ಶುಕ್ರವಾರ ಮೆರವಣಿಗೆ ಹೊರಟಿತು. ಬೆನ್ನಿಗೆ ಅಡ್ಡ ಹಲಗೆ, ತಲೆಗೆ ಛತ್ರಿ, ಕಾಲಿಗೆ ಮಣೆ. ಹೆಗಲು ಚೂಪಾದ ಹಸಿರು ಗೋಮೆಸಿ ಉಟ್ಟು ನಾಬುಕೇರಾ ಅಳಿಯನಿಗೆ ಬೆನ್ನು ಹಾಕಿ ರಸ್ತೆಯನ್ನು ಹಿಂದುಹಿಂದಕ್ಕೆ ನೋಡುತ್ತ ಹೋದಳು. ಕವಲುದಾರಿಯ ಬೈಕಿನವರೆಲ್ಲ ಎದ್ದು ನಿಂತರು. ಒಬ್ಬ ಟೊಪ್ಪಿಗೆ ತೆಗೆದು, ಜಾವೀರಾ, ಬಿಷಪ್ಪರು ಯಾವ ಕಡೆ ದಯಮಾಡಿಸುತ್ತಿದ್ದಾರೆ ಅಂತ ಕೇಳಿದ. ಅವಳಿಗೆ ಕೋಪ ಬರಲಿಲ್ಲ. ಹೆಗಲು ಅಲ್ಲಿ, ಬೆರಳು ಇಲ್ಲಿ, ನಡುವೆ ಮೂರು ಬೋಲ್ಟಿನ ತಗಡು. ಅವಳ ಪಾಲಿಗೆ ಅದು ಸಿಂಹಾಸನವೇ. ಗಾಯವೂ ಅಂಚಿನಲ್ಲಿ ಕೆಂಪಗೆ ಚಿಗುರಿತ್ತು. ಇನ್ನು ಎರಡು ತಿಂಗಳು ಹೀಗೇ ಬಂದರೆ ಕಾಲು ಉಳಿಯುತ್ತೆ ಅಂತ ನರ್ಸಮ್ಮ ಮೊದಲ ಸಲ ನಕ್ಕಳು.

ಮೂರನೇ ವಾರ ಜಾವೀರಾನ ಕೈ ನಡುಗಿತು.

ಕರೆತಂದು ಬಿಟ್ಟ ಮೇಲೆ ಜಗಲಿಯ ಮೇಲೆ ಅವನಿಗೆ ಚಹಾ ಇಡುವುದು ವಾಡಿಕೆ. ಇಟ್ಟು ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಅವತ್ತು ಒಳಗಿನಿಂದ ಕೇಳಿಸಿತು, ಬಸಿಯ ಮೇಲೆ ಕಪ್ಪು ಟಕಟಕ ಅನ್ನುವುದು. ಸಂದಿಯಿಂದ ನೋಡಿದಳು. ಎರಡೂ ಕೈ. ಚಹಾ ಅರ್ಧ ಬಸಿಯಲ್ಲಿ. ಅವನು ತನ್ನ ಕೈಯನ್ನೇ, ಬೇರೆ ಯಾರದೋ ಎಂಬಂತೆ, ನೋಡುತ್ತ ಕೂತಿದ್ದ.

ನಾಬುಕೇರಾ ಬಾಗಿಲ ಸಂದಿ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಒಂದು, ಎರಡು, ಮೂರು, ನಾಲ್ಕು.

ತೇವೋ ದಿನಕ್ಕೊಂದು ಸುದ್ದಿ ತಂದಳು. ಸಂಜೆ ಮನೆಗೆ ಬಂದಾಗ ಅಂಗಿಯ ಗುಂಡಿ ಬಿಚ್ಚಲು ಆಗುವುದಿಲ್ಲ, ತಾನೇ ಬಿಚ್ಚುತ್ತೇನೆ. ಬೆಳಿಗ್ಗೆ ಎದ್ದಾಗ ಸರಿಯಿರುತ್ತೆ. ಭಾನುವಾರವಂತೂ ಪೂರ್ತಿ ನೆಟ್ಟಗೆ.

"ಭಾನುವಾರ ಯಾಕೆ ನಡುಗಲ್ಲ?" ಅಂತ ಕೇಳಿದಳು ನಾಬುಕೇರಾ. ಎಲ್ಲದರಲ್ಲೂ ಲೆಕ್ಕ ಕೂಡಬೇಕು ಅವಳಿಗೆ.

"ದೇವರ ದಿನ ಅಲ್ವೇನಮ್ಮ," ಅಂದಳು ತೇವೋ. ಬೈಕಿಗೂ ಅದು ರಜದ ದಿನ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಕವಲುದಾರಿಯಲ್ಲಿ ಸುದ್ದಿ ಹಬ್ಬಲು ಕಾಲು ಬೇಕಿಲ್ಲ. ಅತ್ತೆಯನ್ನು ಹೊತ್ತು ತಿರುಗಿದ, ಆದದ್ದು ನೋಡಿ, ಅಂದರು. ಬಸುರಿಯರು ಅವನ ಬೈಕು ಹತ್ತುವುದು ಬಿಟ್ಟರು, ಆಮೇಲೆ ಬಸುರಿಯಲ್ಲದವರೂ ಬಿಟ್ಟರು. ಕೂರುವವರು ಇಲ್ಲವಾದಾಗ ಅವನು ಅತ್ತೆಯ ಸೀಟಿಗೆ ಸಿಮೆಂಟು ಮೂಟೆ, ಗೆಣಸಿನ ಮೂಟೆ ಹೇರತೊಡಗಿದ. ಅತ್ತೆ ಇಳಿದರೂ ನಡುಕ ಇಳಿಯಲಿಲ್ಲ, ಇನ್ನೂ ಹೆಚ್ಚಿತು. ಆಗ ಅವನೇ ಕಾಫಿ ಗಿಡದ ಆಚೆ ಬಂದು ನಿಂತು, ಈ ಕೈ ನಂಬಿ ಅಮ್ಮನನ್ನು ಜವುಗಿನ ಇಳಿಜಾರು ಇಳಿಸಲಾರೆ, ಬೇನೆ ವಾಸಿಯಾಗುವವರೆಗೆ ಬೇಡ ಅಂದ. ದನಿಯೂ ನಡುಗುತ್ತಿತ್ತು. ದನಿಗೆ ಬೈಕು ಕಾರಣವಲ್ಲ.

ಒಂದು ಮಂಗಳವಾರ ತಪ್ಪಿತು. ಒಂದು ಶುಕ್ರವಾರ ತಪ್ಪಿತು. ನಾಬುಕೇರಾ ಗಾಯವನ್ನು ತಾನೇ ಉಪ್ಪುನೀರಲ್ಲಿ ತೊಳೆದಳು. ಇನ್ನೊಂದು ಮಂಗಳವಾರ. ಗಾಯ ವಾಸನೆ ಹೊಡೆಯಿತು. ಮೂರು.

ಅವಳ ಮುಂದೆ ಎರಡು ದಾರಿ ಇದ್ದವು, ಎರಡೂ ಹಾಳು. ಮುಟ್ಟಿದ್ದು ನಾನು ಅಂತ ಹೇಳಿದರೆ ಶಾಂತಿಯೋ ಪ್ರಾಯಶ್ಚಿತ್ತವೋ ಮಾಡಿಸಿ ಅವನ ಕೈ ಉಳಿಸಬಹುದು. ಆದರೆ ಮುಟ್ಟಿದ ಅತ್ತೆಯನ್ನು ಮತ್ತೆ ಆ ಬೈಕಿನ ಹತ್ತಿರ ಸುಳಿಯಲು ಬಿಡುವವರು ಯಾರು? ಕಾಲು ಹೋದಂತೆಯೇ. ಹೇಳದೆ ಸುಮ್ಮನಿದ್ದರೆ ನಾಳೆ ಯಾವುದೋ ಎಣ್ಣೆ ತಿಕ್ಕಿ ಕೈ ಕಡಿಮೆಯಾದರೂ ಆದೀತು, ಅವನು ಮತ್ತೆ ಕರೆದೊಯ್ದಾನು. ಎರಡು ದಿನ ಅವಳು ಸುಮ್ಮನಿದ್ದು ನೋಡಿದಳು. ತನ್ನ ಕಾಲಿನ ಆಸೆಗೆ ಇನ್ನೊಬ್ಬನ ಕೈಯನ್ನು ಅಡ ಇಟ್ಟು ಕೂತಂತೆ ಅನ್ನಿಸಿತು. ಮೂರನೇ ದಿನ ನಾದಿನಿಗೆ ಹೇಳಿಕಳಿಸಿದಳು. ಅದು ಶುಕ್ರವಾರ. ನಾಲ್ಕು.

ಹಲಸಿನ ಮರದ ಕೆಳಗೆ ಸಭೆ ಸೇರಿತು. ಗಂಡಿನ ಕಡೆಯಿಂದ ಚಿಕ್ಕಪ್ಪ ಲುಬೇಗಾ, ಕೆಲಸದ ಮಧ್ಯೆ ಬಂದವನು, ಕಪ್ಪು ಕನ್ನಡಕ ಹಣೆಯ ಮೇಲೆ. ಹೆಣ್ಣಿನ ಕಡೆಯಿಂದ ನಾಕಾಯೆಂಗಾ, ಚಾಪೆಯ ಮೇಲೆ ನೆಟ್ಟಗೆ. ತೇವೋ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಜಾವೀರಾ ಮನೆಯ ಮೂಲೆಯ ಆಚೆ, ಕೇಳುವಂತೆ, ಕಾಣದಂತೆ. ನಾಬುಕೇರಾ ಹೊಸ್ತಿಲ ಒಳಗೆ ಕೂತು ಮೊದಲಿನಿಂದ ಹಿಡಿದು ಹೇಳಿದಳು. ಬಾಳೆಗೊನೆ, ನರ್ಸಮ್ಮ, ಜವುಗು, ಕಂಬಿ, ಹೆಗಲು. ಒಂದು ಬೆರಳನ್ನೂ ಬಿಡಲಿಲ್ಲ.

ನಾಕಾಯೆಂಗಾ ಕೇಳಿದಳು.

"ಎಷ್ಟು ಹೊತ್ತು?"

"ನಾಲ್ಕು ಎಣಿಸೋ ಹೊತ್ತು."

"ಬೇಗ ಎಣಿಸಿದ್ಯೋ, ನಿಧಾನವಾಗೋ?"

"ಬೀಳೋರು ಎಣಿಸೋ ಹಾಗೆ."

"ಅಮ್ಮ, ಮುಟ್ಟಿದ್ದು ಬರೀ ಕೋಟು ತಾನೆ?" ಅಂದಳು ತೇವೋ, ಆಸೆಯಿಂದ.

"ಕೋಟಿನ ಒಳಗೆ ಅವರಿದ್ರಲ್ಲ ಮಗಾ."

ತೇವೋ ಅಳತೊಡಗಿದಳು. ಹುಟ್ಟುವ ಮಗುವನ್ನು ಎತ್ತಿಕೊಳ್ಳಲು ಅದರಪ್ಪನಿಗೆ ಕೈ ಇರುವುದಿಲ್ಲ, ಯಾಕಮ್ಮ ಹೇಳಲಿಲ್ಲ, ಯಾಕಮ್ಮ ಹೇಳಲಿಲ್ಲ ಅಂತ. ನಾಬುಕೇರಾ ತಲೆ ತಗ್ಗಿಸಿದಳು. ಅಷ್ಟು ವರ್ಷದ ಮರ್ಯಾದೆ ಹೊಸ್ತಿಲ ಮೇಲೆ ಚೆಲ್ಲಿತ್ತು. ಬಾಚಿಕೊಳ್ಳಲು ಕೈ ಬರಲಿಲ್ಲ.

ಲುಬೇಗಾ ಒಬ್ಬನೇ ಬೇರೇನೋ ಯೋಚಿಸುತ್ತಿದ್ದ. ನಡುಕ ಶುರುವಾದದ್ದು ಮುಟ್ಟಿದ ದಿನದಿಂದಲೋ, ಸೀಟು ಹಾಕಿದ ಮೇಲೋ ಅಂತ ಕೇಳಿದ. ಲೆಕ್ಕದಲ್ಲಿ ತಪ್ಪದ ನಾಬುಕೇರಾ, ಸೀಟು ಹಾಕಿ ಹದಿನೈದು ದಿನಕ್ಕೆ ಅಂದಳು. ಅವನು ಎದ್ದು ಹೋಗಿ ಅಂಗಳದಲ್ಲಿ ನಿಂತಿದ್ದ ಬೈಕಿನ ಸುತ್ತ ನಡೆದ. ಆಮೇಲೆ ಮೆಲ್ಲಗೆ, ಮದುಮಗನ ಹಾಗೆ, ಅತ್ತೆಯ ಸೀಟಿನ ಮೇಲೆ ಕೂತ.

ಬೈಕಿನ ಮುಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಗಾಳಿಯಲ್ಲಿ ಹ್ಯಾಂಡಲು ಅತ್ತ ಇತ್ತ ಓಲಾಡಿತು. ಕತ್ತು ಹಿಡಿದ ಕೋಳಿಯ ಹಾಗೆ.

"ಹಿಂದೆ ಇಷ್ಟು ಭಾರ ತೂಗಿದ್ರೆ ಮುಂದೆ ಹಿಡಿತ ಎಲ್ಲಿರುತ್ತೆ?" ಅಂದ ಲುಬೇಗಾ, ಅಲ್ಲೇ ಮೇಲಿನಿಂದ. "ಓಡೋವಾಗ ಹ್ಯಾಂಡಲು ನಡುಗುತ್ತೆ. ಹ್ಯಾಂಡಲು ಹಿಡಿದ ಕೈ ನಡುಗುತ್ತೆ. ದಿನವಿಡೀ ಹಿಡಿದ್ರೆ ಸಂಜೆಗೂ ನಿಲ್ಲಲ್ಲ."

"ಅದನ್ನು ಹಾಕಿದವನು ನೀನೇ ಅಲ್ವೇನಯ್ಯಾ?" ಅಂದಳು ನಾಕಾಯೆಂಗಾ.

"ನೀವು ಹುರಿ ಕಳಿಸಿದ್ರಿ, ನಾನು ಹಾಕಿದೆ. ಬೈಕನ್ನ ಯಾರು ಕೇಳಿದ್ರು?"

ಹನ್ನೊಂದು ಬೋಲ್ಟು ಬಿಚ್ಚಲು ಒಂದು ಗಂಟೆ ಹಿಡಿಯಿತು. ಎರಡು ತುಕ್ಕು ಹಿಡಿದು ಅಳುತ್ತ ಬಂದವು. ಜಾವೀರಾ ಬೋಳು ಬೈಕು ಹತ್ತಿ ಕವಲುದಾರಿಗೆ ಹೋಗಿ, ಸಂಜೆವರೆಗೆ ಓಡಿಸಿ ಬಂದ. ನಾಕಾಯೆಂಗಾ ಅವನ ಕೈಗೆ ಅಂಚಿನವರೆಗೆ ತುಂಬಿದ ಚಹಾ ಕೊಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ತೇವೋ ಅಳುತ್ತಲೇ ನಕ್ಕಳು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಎಲ್ಲರ ಕಣ್ಣೂ ಹೊಸ್ತಿಲ ಕಡೆ ತಿರುಗಿತು.

"ಅತ್ತಿಗೆ," ಅಂದಳು ನಾಕಾಯೆಂಗಾ, "ಇನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದಿದ್ರೆ ಆಗ್ತಿತ್ತು."

ಈಗ ಹೇಳಿ ಆಗಿತ್ತು. ಕೈ ಸರಿಹೋಯಿತು ಅಂತ ಮಾತು ಹಿಂದೆ ಹೋಗುತ್ತದೆಯೆ? ಮುಟ್ಟಿ ನಡುಗದಿದ್ದರೆ ದೇವರ ದಯೆ, ಇನ್ನೊಂದು ಸಲ ದೇವರನ್ನು ಪರೀಕ್ಷೆ ಮಾಡಬಾರದು ಅಂತ ನಾಕಾಯೆಂಗಾ ತೀರ್ಪು ಕೊಟ್ಟಳು. ಅತ್ತಿಗೆ ಇನ್ನು ಆ ಬೈಕು ಹತ್ತಕೂಡದು. ಲುಬೇಗಾ ಸೀಟು, ಹಲಗೆ, ಮಣೆ ಎಲ್ಲ ಹೊತ್ತುಕೊಂಡು ಹೋದ. ಮರುವಾರವೇ ಅಡ್ಡ ಹಲಗೆ ಅವನ ಅಂಗಡಿಯ ಬಾಗಿಲಾಗಿತ್ತು.

ಸಭೆ ಮುಗಿದ ಸೋಮವಾರ ತೇವೋ ಹೆಣ್ಣು ಮಗು ಹೆತ್ತಳು. ಬಾಣಂತಿ ಬೈಕು ಹತ್ತುವ ಮಾತಿಲ್ಲ. ಮತ್ತೆ ಮಂಗಳವಾರ ಬಂತು, ಶುಕ್ರವಾರ ಬಂತು. ಕೊನೆಗೆ ಕಾಫಿ ಕೊಳ್ಳುವವನಿಗೆ ಕರುಣೆ ಬಂದು, ಒಂದು ದಿನದ ವ್ಯಾಪಾರ ಬಿಟ್ಟು, ಮೂಟೆಯ ಜಾಗದಲ್ಲಿ ಅವಳನ್ನು ಕೂರಿಸಿಕೊಂಡು ಹೋದ. ನರ್ಸಮ್ಮ ಬಟ್ಟೆ ಬಿಚ್ಚಿದಳು. ಬೈಯುವಳೆಂದು ನಾಬುಕೇರಾ ಕಾದಳು. ನರ್ಸಮ್ಮ ಬೈಯಲಿಲ್ಲ. ಆಗ ಅವಳಿಗೆ ಗೊತ್ತಾಯಿತು.

ಎರಡು ಬೆರಳು ತೆಗೆಯಬೇಕು. ಮಸಾಕಾದ ದೊಡ್ಡಾಸ್ಪತ್ರೆಗೆ ಗುರುವಾರ ಹೋಗಲೇಬೇಕು. ಗುರುವಾರ ಹೋದರೆ ಎರಡು ಬೆರಳು, ಆಚೆಗೆ ಬಿದ್ದರೆ ಪಾದ. ಚೀಟಿಯಲ್ಲಿ ಬರೆದುಕೊಟ್ಟಳು. ನಾಬುಕೇರಾ ದಾರಿಯುದ್ದಕ್ಕೂ ಅಕ್ಷರ ಕೂಡಿಸಿ ಓದಿದಳು. ಓದಿ ಮುಗಿಸುವ ಹೊತ್ತಿಗೆ ಮನೆ ಬಂದಿತ್ತು. ಅವಳಿಗೆ ಓದು ಬಾರದೆ ಇದ್ದಿದ್ದರೇ ಚೆನ್ನಾಗಿತ್ತು.

ಗುರುವಾರ ಕಾಫಿಯವನು ಹೋಗುವುದು ಆಚೆ ದಿಕ್ಕಿನ ಸಂತೆಗೆ, ಅದು ಅವನು ತಪ್ಪಿಸಲಾರದ ದಿನ. ಆದರೂ ಅವಳು ಬೆಳಗಾಗುತ್ತಲೇ ಹಸಿರು ಗೋಮೆಸಿ ಉಟ್ಟು, ಸೊಂಟಪಟ್ಟಿ ಬಿಗಿದು, ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಳು. ನಡೆದೇ ಹೊರಡುವುದೆಂದು ತೀರ್ಮಾನಿಸಿದ್ದಳು. ಕೋಲು ಗೋಡೆಗೆ ಒರಗಿತ್ತು. ಎರಡು ಬೆರಳಿಗೋಸ್ಕರ ಹತ್ತು ಬೆರಳಲ್ಲಿ ನಡೆಯಬೇಕಲ್ಲ ಅಂತ ತನಗೆ ತಾನೇ ಅಂದುಕೊಂಡು ನಗಲು ನೋಡಿದಳು, ನಗು ಬರಲಿಲ್ಲ.

ಗುಡ್ಡ ಹತ್ತುವ ಬೈಕಿನ ಸದ್ದು ಕೇಳಿಸಿತು.

ಜಾವೀರಾ ಅಂಗಳದ ಅಂಚಿನಲ್ಲಿ ನಿಲ್ಲಿಸಿದ. ಕ್ಯಾರಿಯರಿಲ್ಲ, ಛತ್ರಿಯಿಲ್ಲ, ಹುಲಿಚುಕ್ಕೆಯ ಕವರೂ ಇಲ್ಲ. ಇಂಡಿಯಾದಿಂದ ಹಡಗು ಹತ್ತುವಾಗ ಇದ್ದದ್ದಕ್ಕಿಂತ ಬೋಳಾಗಿತ್ತು ಬೈಕು. ಅವನು ಇಳಿಯಲಿಲ್ಲ. ನೇಮದ ಪ್ರಕಾರ ಮುಖ ಆಚೆ, ಕಾಫಿ ಗಿಡದ ಕಡೆ.

ಮಗು ಹೇಗಿದೆ ಅಂತ ಅವಳು ಕೇಳಿದಳು. ರಾತ್ರಿಯೆಲ್ಲ ಕಿರುಚುತ್ತೆ, ಧ್ವನಿ ಸೋದರತ್ತೆಯದು ಅಂದ. ನಾಕಾಯೆಂಗಾ ಹತ್ತಬೇಡ ಅಂದಿದ್ದಾಳೆ ಅಂತ ಅವಳು ನೆನಪು ಮಾಡಿದಳು. ಗೊತ್ತು ಅಂದ. ಊರವರು ನೋಡುತ್ತಾರೆ ಅಂದಳು. ಊರವರಿಗೆ ಹತ್ತು ಹತ್ತು ಬೆರಳು ಇವೆ ಅಂದ. ಮತ್ತೆ ಕೈ ನಡುಗಿದರೆ ಅಂದಳು. ಅವನು ಎರಡೂ ಕೈ ಬಿಟ್ಟು, ಬೆರಳು ಬಿಡಿಸಿ, ಬೆನ್ನ ಹಿಂದೆ ಚಾಚಿ ತೋರಿಸಿದ. ಬೆಳಗಿನ ಬಿಸಿಲಿನಲ್ಲಿ ಅವು ಅಲುಗದೆ ನಿಂತಿದ್ದವು.

ನಾಬುಕೇರಾ ಕೋಲು ಊರಿಕೊಂಡು ಬಂದು ಸೀಟಿನ ತುದಿಯಲ್ಲಿ ಅಡ್ಡ ಕೂತಳು. ನಡುವೆ ಮಗಳಿಲ್ಲ, ಗೊನೆಯಿಲ್ಲ, ತಗಡಿಲ್ಲ. ಗಂಟನ್ನು ಮಧ್ಯೆ ಇಡೋಣವೆಂದು ನೋಡಿದಳು. ಒಂದು ಗೋಮೆಸಿ, ಒಂದು ಟವೆಲು, ಗಂಟು ಅಷ್ಟು ತೆಳ್ಳಗೆ. ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮೈ ಮುದುರಿ ಕೂತಳು. ಅವನು ಬೈಕು ಶುರು ಮಾಡಲಿಲ್ಲ.

ಆಮೇಲೆ ಮಸಾಕಾದಲ್ಲಿ ಆಸ್ಪತ್ರೆಯ ಬಾಗಿಲಿನವರೆಗೂ, ಎಂಟು ದಿನ ಬಿಟ್ಟು ಕರೆತರಲು ಬಂದಾಗಲೂ, ಅದರಾಚೆಗೂ, ಅವನು ಅವಳನ್ನು ಆ ಮಾತು ಮತ್ತೆ ಕೇಳುವ ಪ್ರಮೇಯ ಬರಲಿಲ್ಲ. ಕೇಳಿದ್ದು ಒಂದೇ ಸಲ, ಅವತ್ತು ಅಂಗಳದಲ್ಲಿ, ಕಾಫಿ ಗಿಡಕ್ಕೆ ಮುಖ ಮಾಡಿಕೊಂಡು.

"ಅಮ್ಮಾ, ಇವತ್ತು ಹಿಡ್ಕೊಳ್ತೀರೋ, ಬೀಳ್ತೀರೋ?"